ಗಫೂರಾಕ ಕಲಿಸಿದ ಕೆಲಸದ ಮಾತು

ಕಟ್ಟಡ ಕಟ್ಟಿದವನ ಹೆಸರು ಗೋಡೆಯ ಮೇಲೆ ಇರುವುದಿಲ್ಲ, ಮೇಲಿರುವ ದೇವರ ಪುಸ್ತಕದಲ್ಲಿ ಇದ್ದರೆ ಸಾಕು ಎಂದು ನಂಬಿ ಬಾಳಿದವರು ಶ್ರೀ ಅಬ್ದುಲ್ ಗಫೂರ್ ಅವರು. ಸೆಂಟ್ರಿಂಗ್ ಕೆಲಸ, ಎಂದರೆ ಕಾಂಕ್ರೀಟು ಗಟ್ಟಿಯಾಗುವ ತನಕ ಅದನ್ನು ಹೊತ್ತು ನಿಲ್ಲುವ ಹಲಗೆ-ಜಾಕುಗಳ ಕಸುಬು. ಅದರಲ್ಲಿ ಮೂವತ್ತಮೂರು ವರ್ಷ ದುಡಿದು, ಈ ತಿಂಗಳು ಊರಿಗೆ ಮರಳುತ್ತಿರುವ ಈ ಉಳ್ಳಾಲದ ಹಿರಿಯರು ಸೌದಿಯ ಥುಕ್ಬಾದ ಕನ್ನಡಿಗರಿಗೆಲ್ಲ ಗಫೂರಾಕ.

ಅವರು ಬಂದ ಕಾಲಕ್ಕೆ ಒಂದೇ ಮಾಡಿನ ಕೆಳಗೆ ನೇಪಾಳಿ, ಬಂಗಾಳಿ, ಪಠಾಣ, ತಮಿಳರೆಲ್ಲ ಇದ್ದರು. ಒಬ್ಬನ ಮಾತು ಇನ್ನೊಬ್ಬನಿಗೆ ಕಾಗೆಯ ಕೂಗು. ಕಬ್ಬಿಣಕ್ಕೆ ಹದೀದ್, ಮರಕ್ಕೆ ಖಶಬ್ ಎಂದು ಅರಬ್ಬಿಯಿಂದ ಒಂದಿಷ್ಟು, ಹಿಂದಿಯಿಂದ ಇನ್ನಷ್ಟು ಹೆಕ್ಕಿ, ಯಾವ ಪುಸ್ತಕದಲ್ಲೂ ಇಲ್ಲದ ಸೈಟಿನ ಭಾಷೆಯೊಂದನ್ನು ಅವರು ಹೊಸಬರ ನಾಲಿಗೆಗೆ ಹಚ್ಚಿದರು. ಮೊದಲ ದಿನ ಯಾರಿಗೂ ಸುತ್ತಿಗೆ ಕೊಡುತ್ತಿರಲಿಲ್ಲ. ಎದುರಿಗೆ ಕೂರಿಸಿ, ಚಹಾ ಕೊಟ್ಟು, ಮಧ್ಯಾಹ್ನದ ನಮಾಜಿನವರೆಗೆ ಬಾಯಿಪಾಠ.

"ಎಂತ ಮಾರಾಯ, ಕೈಗೆ ಅಷ್ಟು ಅವಸರವಾ? ಮೊದಲು ಬಾಯಿ ಕಲೀಲಿ. ಕೈ ತಪ್ಪಿದ್ರೆ ಮೊಳೆ ಹಾಳು, ಬಾಯಿ ತಪ್ಪಿದ್ರೆ ಮನುಷ್ಯ ಹಾಳು."

ಆ ಪಾಠದ ಕೊನೆಯ ಮಾತು 'ವಗ್ಗಿಫ್', ನಿಲ್ಲಿಸು. ಅದನ್ನು ಯಾರು ಕೂಗಿದರೂ, ನಿನ್ನೆ ಬಂದವನೇ ಕೂಗಿದರೂ, ಎಲ್ಲರ ಕೈಯೂ ನಿಲ್ಲಬೇಕು. ಸುಳ್ಳೇ ಕೂಗಿದನೆಂದು ಅವನನ್ನು ಯಾರೂ ಗದರಬಾರದು. ಇದು ಗಫೂರಾಕನ ಕಟ್ಟಳೆ. ಇಪ್ಪತ್ತೆಂಟು ವರ್ಷ ಅವರ ಕೈಕೆಳಗಿನ ಒಬ್ಬನೂ ಹೆಣವಾಗಿ ಊರಿಗೆ ಹೋಗಲಿಲ್ಲ.

ಮೈಸೂರಿನ ವಿನಯ್ ಅವರು ಎಳೆಯ ಎಂಜಿನಿಯರಾಗಿ ಬಂದಿಳಿದಾಗ ಈ ಮಾತನ್ನು ಕಲಿತದ್ದೂ ಇವರಿಂದಲೇ. ಇಕಾಮಾ, ಎಂದರೆ ವಾಸದ ಪರವಾನಗಿ, ಕೈಗೆ ಬರದ ಎರಡು ತಿಂಗಳು ಅವರು ಉಂಡದ್ದು ಗಫೂರಾಕನ ಕೋಣೆಯಲ್ಲಿ. ಮೀನು ತಿನ್ನದ ಅವರಿಗಾಗಿ ಗಫೂರಾಕ ಬೇರೆ ಪಾತ್ರೆಯೊಂದನ್ನೇ ತಂದಿಟ್ಟಿದ್ದರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಅದೇ ವಿನಯ್ ಅವರು ಪ್ರಾಜೆಕ್ಟಿನ ಮುಖ್ಯಸ್ಥರಾದೊಡನೆ ಬಂದ ಮೊದಲ ಆಜ್ಞೆ: ಸೈಟಿನಲ್ಲಿ ಒರಟು ಮಾತು ನಿಷಿದ್ಧ, ಇಂಗ್ಲಿಷ್ ಮಾತ್ರ, ಕೆಲಸ ನಿಲ್ಲಿಸುವ ಅಧಿಕಾರ ಮೇಲ್ವಿಚಾರಕರಿಗೆ ಮಾತ್ರ. ಗಫೂರಾಕನನ್ನು ಹಲಗೆ ಎಣಿಸುವ ಕೆಲಸಕ್ಕೆ ಹಾಕಿದರು.

ಮೂರು ವರ್ಷದ ಹಿಂದೆ ಒಂದು ಸಭಾಂಗಣದ ಜಾಕು ಬಿಚ್ಚುತ್ತಿದ್ದಾಗ, ಗಫೂರಾಕನ ಕೊನೆಯ ಶಿಷ್ಯ ಶಿಹಾಬ್ ಮೂಲೆಯ ತೊಲೆ ಕುಸಿಯುವುದನ್ನು ಕಂಡು "ವಗ್ಗಿಫ್!" ಎಂದು ಕೂಗಿದ. ಹೊರಗೆ ಹಲಗೆ ಎಣಿಸುತ್ತಿದ್ದ ಗಫೂರಾಕನ ಕೈ ನಿಂತಿತು. ಒಳಗೆ ಜಾಕಿನ ಮೇಲಿದ್ದ ಕೈಗಳು ವಿನಯ್ ಅವರ ಮುಖ ನೋಡಿದವು.

"ಯಾರವನು ನಿಲ್ಲಿಸೋಕೆ? ನಡೀಲಿ ಕೆಲಸ."

ನಡೆಯಿತು. ಶಿಹಾಬನ ಎಡಗಾಲು ತೊಲೆಯಡಿ ನುಗ್ಗಾಯಿತು.

ವಿಚಾರಣೆಗೆ ಹೊರಗಿನಿಂದ ಮೂವರು ಬಂದರು. ಎಚ್ಚರಿಕೆಯನ್ನು ಮೀರಿ ತಾನಾಗಿಯೇ ಒಳನುಗ್ಗಿದ ಎಂದು ಬರೆದುಬಿಟ್ಟರೆ ತಪ್ಪು ಶಿಹಾಬನದು, ಕಂಪೆನಿ ಪರಿಹಾರ ಕೊಡದೆ ಅವನ ಕೈಬಿಡಬಹುದು. ಆ ಕೂಗನ್ನು ಕೇಳಿದೆನೆಂದು ಹೇಳಲು ಮುಂದೆ ಬಂದವರು ಗಫೂರಾಕ ಒಬ್ಬರೇ. ಯಾರು ಎಲ್ಲಿ ನಿಂತಿದ್ದರು, ಯಾವ ಜಾಕು ಮೊದಲು ಬಿಚ್ಚಿತು, ಎಲ್ಲವನ್ನೂ ಅವರು ತಮಗೆ ಬರುವ ಕೆಲಸದ ಮಾತಿನಲ್ಲೇ ಹೇಳಿದರು. ಬಂದವರು ಮುಖ ಮುಖ ನೋಡಿಕೊಂಡರು.

"ವಿನಯ್ ಸಾರಿಗೆ ಗೊತ್ತುಂಟು. ಅವರು ಬಿಡಿಸಿ ಹೇಳ್ತಾರೆ," ಎಂದರು ಗಫೂರಾಕ. ಅಷ್ಟು ನಂಬಿಕೆ!

ವಿನಯ್ ಮೇಜು ನೋಡಿದರು. "ಇದು ಸೈಟಿನವರ ಕಲಬೆರಕೆ ಮಾತು. ಇದಕ್ಕೆ ಇಂಥದೇ ಅರ್ಥ ಅಂತ ಹೇಳೋಕಾಗಲ್ಲ."

ಮೂವತ್ತು ಕಟ್ಟಡಗಳನ್ನು ಎತ್ತಿ ನಿಲ್ಲಿಸಿದ ಮಾತಿಗೆ ಅರ್ಥವಿಲ್ಲವೆಂದು ಆ ದಿನ ದಾಖಲಾಯಿತು: ಸಾಕ್ಷಿಯ ಹೇಳಿಕೆ ಅಸ್ಪಷ್ಟ, ಪರಿಗಣಿಸಿಲ್ಲ. ತಪ್ಪು ಶಿಹಾಬನ ತಲೆಗೆ ಬಂತು. ಗಫೂರಾಕ ಯಾರಿಗೂ ಶಾಪ ಹಾಕಲಿಲ್ಲ. ಅಂದಿನಿಂದ ವಿನಯ್ ಅವರ ಸಲಾಮಿಗೆ ಉತ್ತರಿಸಿದರು, ಅವರ ಮಾತಿಗೆ ಉತ್ತರಿಸಲಿಲ್ಲ.

ಗಫೂರಾಕನ ಬೀಳ್ಕೊಡುಗೆಗೆಂದು ಹೊರಡುತ್ತಿರುವ ಈ ಅಭಿನಂದನ ಗ್ರಂಥಕ್ಕೆ ವಿನಯ್ ಅವರೂ ಒಂದು ಲೇಖನ ಕೊಡುತ್ತೇನೆಂದರು. ಸಂಪಾದಕರು ಒಪ್ಪಿಗೆ ಕೇಳಲು ಹೋದಾಗ ಗಫೂರಾಕ ತಸ್ಬೀಹಿನ ಜಪಮಣಿ ಸರಿಸುತ್ತ ಕೂತಿದ್ದರು. "ನನ್ನ ಬಗ್ಗೆ ಎಂತಕ್ಕೆ ಬರೀಬೇಕು ಅವರು? ಶಿಹಾಬನ ಕೇಸಿನ ಕಾಗದದಲ್ಲಿ 'ವಗ್ಗಿಫ್' ಅಂದ್ರೆ ಎಂತ ಅಂತ ಒಂದು ಸಾಲು ಬರೀಲಿ. ನನಗೆ ಅದೇ ಸನ್ಮಾನ." ಆ ಸಾಲು ಇನ್ನೂ ಬಂದಿಲ್ಲ, ವಿನಯ್ ಅವರ ಲೇಖನ ಈ ಪುಟಗಳಲ್ಲಿ ಇಲ್ಲದಿರುವುದು ಅದರಿಂದ.

ಹಿರಿಯರಿಗೆ ನೂರು ವರ್ಷ ಕೋರುವುದು ಇಂಥ ಗ್ರಂಥಗಳ ವಾಡಿಕೆ. ಇಲ್ಲಿ ಅದು ವಾಡಿಕೆಯ ಮಾತಲ್ಲ. ಆ ತೀರ್ಮಾನದ ವಿರುದ್ಧ ಶಿಹಾಬ್ ಹಾಕಿದ ಮೇಲ್ಮನವಿ ಇನ್ನೂ ವಿಚಾರಣೆಗೆ ಬಂದಿಲ್ಲ. ಬಂದ ದಿನ ಅವನ ಕಡೆಗೆ ಇರುವುದು ಒಂದೇ ಬಾಯಿ. ಕರುಣಾಳುವಾದ ದೇವರು ಗಫೂರಾಕನಿಗೆ ಆ ದಿನದವರೆಗೆ ಉಸಿರನ್ನೂ ನೆನಪನ್ನೂ ಉಳಿಸಿಕೊಡಲಿ.