ಅಕ್ಕ ಶಾಲೆಯಲ್ಲಿ ಬಿದ್ದ ದಿನ

ನಾನು ನಿಮ್ಮಷ್ಟು ಚಿಕ್ಕವಳಿದ್ದಾಗ, ನಮ್ಮೂರ ಶಾಲೆಗೆ ಸಿಸ್ಟರ್ ಬಂದರೆಂದರೆ ಅರ್ಧ ಹುಡುಗರು ಹಿಂದಿನ ಗೋಡೆ ಹಾರಿ ಓಡಿಬಿಡುತ್ತಿದ್ದರು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಕಟಕೋಳದಾಚೆಯ ಸಣ್ಣ ಹಳ್ಳಿ ನಮ್ಮದು. ಸಿಸ್ಟರ್ ಅಂದರೆ ಸರಕಾರಿ ನರ್ಸು. ಸುತ್ತಲಿನ ಊರುಗಳಿಗೆಲ್ಲ ಅವರೊಬ್ಬರೇ. ಎಂದೋ ಒಮ್ಮೆ ಚೀಲ ಹೊತ್ತು ಕೆಂಪು ಬಸ್ಸಿನಿಂದ ಇಳಿದು ಬರುತ್ತಿದ್ದರು. ಪಡಸಾಲೆಯಲ್ಲಿ ಸ್ಟೋ ಹಚ್ಚಿ ಸೂಜಿ ಕುದಿಸಲು ಇಡುತ್ತಿದ್ದರು. ಸೀಮೆಎಣ್ಣೆಯ ವಾಸನೆ, ಸ್ಪಿರಿಟ್ಟಿನ ವಾಸನೆ ಸೇರಿ ಮೂಗಿಗೆ ಬಡಿದರೆ ಸಾಕು, ಚುಚ್ಚುವ ಮೊದಲೇ ನಮ್ಮ ತೋಳು ನೋಯುತ್ತಿತ್ತು.

ಅವತ್ತೂ ಅವರು ಬಂದಿದ್ದರು. ಹತ್ತಿ ಬಿಡಿಸುವ ಕಾಲ. ಹೊಲಕ್ಕೆ ಹೋದ ಮಕ್ಕಳ ಜಾಗ ಖಾಲಿ ಇತ್ತು. ನಾನು ಐದನೆಯ ಇಯತ್ತೆ, ಅಕ್ಕ ಏಳನೆಯದು. ಸಿಸ್ಟರ್ ಇನ್ನೂ ಸ್ಟೋಗೆ ಗಾಳಿ ಹೊಡೆಯುತ್ತಿದ್ದಾಗ ಅಕ್ಕನ ಕೋಣೆಯಿಂದ ಹುಡುಗಿಯರು ಕಿರುಚಿದ್ದು ಕೇಳಿಸಿತು. ನಾನು ಓಡಿದೆ.

ಅಕ್ಕ ನೆಲದ ಮೇಲೆ ಬಿದ್ದಿದ್ದಳು. ಕೈಕಾಲು ಸೆಟೆದು ಬಡಿದುಕೊಳ್ಳುತ್ತಿದ್ದವು. ಕಣ್ಣು ಮೇಲೆ ಹೋಗಿದ್ದವು, ಬಾಯಲ್ಲಿ ನೊರೆ. ಇಬ್ಬರು ಹುಡುಗರು ಅವಳ ಕಾಲು ಅದುಮಿ ಹಿಡಿದಿದ್ದರು. ಹೆಡ್‌ಮಾಸ್ತರರು ತಮ್ಮ ಚಪ್ಪಲಿಯನ್ನು ಅವಳ ಮೂಗಿಗೆ ಒತ್ತಿದ್ದರು. ಇನ್ನೊಬ್ಬ ಹುಡುಗ ಕಟ್ಟಿಗೆಯ ಪಟ್ಟಿಯನ್ನು ಅವಳ ಹಲ್ಲಿನ ನಡುವೆ ತುರುಕಲು ನೋಡುತ್ತಿದ್ದ. ಹಿಂದೆ ಯಾರೋ ನಕ್ಕರು. ಅಕ್ಕನ ಲಂಗ ಒದ್ದೆಯಾಗಿತ್ತು, ಅದಕ್ಕೆ.

ನನಗೆ ಹೆದರಿಕೆ ಆಗಲಿಲ್ಲ ಮಕ್ಕಳೇ, ಸಿಟ್ಟು ಬಂತು. ಮೈಯೆಲ್ಲ ಉರಿಯುವಂಥ ಸಿಟ್ಟು. ಆ ಚಪ್ಪಲಿ ಕಸಿದುಕೊಂಡು ಕಿಟಕಿಯಿಂದ ಆಚೆ ಒಗೆದೆ. ಹೆಡ್‌ಮಾಸ್ತರರು ನನ್ನ ರಟ್ಟೆ ಹಿಡಿದರು. ನಾನು ಕಚ್ಚಿದೆ.

"ಬಿಡ್ರಿ ಆಕೀನ್ನ! ಎಲ್ಲಾರೂ ದೂರ ಸರೀರಿ!" ಎಂದು ಬಾಗಿಲಿನಿಂದ ಸಿಸ್ಟರ್ ಕೂಗಿದರು.

ಅವರು ಬೆಂಚು ದೂರ ತಳ್ಳಿಸಿ, ಪಟ್ಟಿ ಕಸಿದು ಬಿಸಾಡಿ, ಅಕ್ಕನ ತಲೆಯ ಕೆಳಗೆ ತಮ್ಮ ಸ್ವೆಟರ್ ಮಡಚಿ ಇಟ್ಟರು. ಅವಳನ್ನು ಮೆಲ್ಲಗೆ ಒಂದು ಮಗ್ಗುಲಿಗೆ ಹೊರಳಿಸಿದರು. ಆಮೇಲೆ ಏನೂ ಮಾಡಲಿಲ್ಲ. ಬರೇ ಅವಳ ಬೆನ್ನಿಗೆ ಕೈ ಇಟ್ಟು, ಗಡಿಯಾರ ನೋಡುತ್ತ ಕುಳಿತರು. ಸ್ವಲ್ಪ ಹೊತ್ತಿಗೆ ಅಕ್ಕನ ಮೈ ಸಡಿಲಾಯಿತು. ಸಿಸ್ಟರ್ ಒಂದು ಟಾವೆಲ್ ತೆಗೆದು ಅವಳ ಸೊಂಟದ ಕೆಳಗೆಲ್ಲ ಹೊದಿಸಿದರು.

ಯಾರೋ ಹೊಲಕ್ಕೆ ಓಡಿ ಅಪ್ಪನನ್ನು ಕರೆತಂದರು. ಅಪ್ಪನ ಅಂಗಿಯ ತುಂಬ ಹತ್ತಿಯ ಎಳೆಗಳು ಅಂಟಿದ್ದವು.

"ನೋಡ್ರಿ, ನಾಳಿಂದ ಈಕೀನ್ನ ಸಾಲಿಗೆ ಕಳಸಬ್ಯಾಡ್ರಿ," ಎಂದರು ಹೆಡ್‌ಮಾಸ್ತರರು. "ಉಳಿದ ಹುಡುಗರು ಅಂಜತಾವ. ಏನಾರ ಹೆಚ್ಚುಕಮ್ಮಿ ಆದ್ರ ಜವಾಬ್ದಾರಿ ಯಾರು?"

ಅಪ್ಪ ಜಗಳವಾಡುತ್ತಾನೆ ಎಂದುಕೊಂಡಿದ್ದೆ. ಅಪ್ಪ ತಲೆ ತಗ್ಗಿಸಿದ. "ಆತ್ರಿ ಸರ. ಊರಾಗ ಯಾರ ಮುಂದನೂ ಹೇಳಬ್ಯಾಡ್ರಿ ಅಷ್ಟ. ಮುಂದ ಈಕಿ ಲಗ್ನ ಆಗಬೇಕು," ಎಂದ. ಅಕ್ಕನಿಗೆ ಆಗ ಹನ್ನೆರಡು ವರ್ಷ! ಅಪ್ಪನ ಮೇಲೂ ನನಗೆ ಎಲ್ಲಿಲ್ಲದ ಸಿಟ್ಟು ಬಂತು.

ಸಿಸ್ಟರ್ ಎದ್ದು ನಿಂತರು. "ಸಾಲಿ ಬಿಟ್ರ ಜಡ್ಡು ಬಿಡತೈತೇನ್ರಿ? ಇಲ್ಲಿ ಬಿದ್ರ ನಿಮಗ ತ್ರಾಸು. ಮನ್ಯಾಗ ಒಲಿ ಮುಂದ ಬಿದ್ರ? ಬಾವಿ ಕಟ್ಟಿ ಮ್ಯಾಲ ಬಿದ್ರ? ಆವಾಗ ಜವಾಬ್ದಾರಿ ಯಾರದು, ಹೇಳ್ರಿ ನೋಡೋಣು?"

ಹೆಡ್‌ಮಾಸ್ತರರು, "ಅದನ್ನ ನೀವು ನೋಡಿಕೊಳ್ಳಬೇಕು ಬಾಯಾರ. ಔಷಧ ಕೊಟ್ಟು ಹೋಗ್ರಿ," ಎಂದರು.

ಸಿಸ್ಟರ್ ತಮ್ಮ ಚೀಲವನ್ನು ಎತ್ತಿ ಮೇಜಿನ ಮೇಲೆ ಕುಕ್ಕಿದರು. "ಏನೈತ್ರಿ ಇದರಾಗ? ಹತ್ತಿ, ಟಿಂಚರು, ನೆತ್ತರ ಹೆಚ್ಚೋ ಗುಳಗಿ. ಈ ಮೂರ್ಛೆರೋಗಕ್ಕ ಬೇಕಾದ ಔಷಧ ನನಗೂ ಕೊಟ್ಟಿಲ್ಲ. ಇವತ್ತು ಸೂಜಿ ಮಾಡಾಕ ಬಂದೀನಿ ಅಂತ ನಾ ಇಲ್ಲಿದ್ದೆ. ನಾಳೆ ನಾ ಇನ್ನೊಂದು ಊರಾಗ ಇರತೇನಿ. ಎಷ್ಟು ಸಾಲಿ ನೋಡ್ಲಿ ನಾನೊಬ್ಬಾಕಿ?" ಹಾಗೆನ್ನುತ್ತ ಸೆರಗಿನಿಂದ ಕಣ್ಣೊರೆಸಿಕೊಂಡರು. ದೊಡ್ಡವರು ಸಿಟ್ಟಿಗೆ ಅಳುವುದನ್ನು ನಾನು ಅವತ್ತೇ ಮೊದಲು ನೋಡಿದ್ದು.

ಅಷ್ಟರಲ್ಲಿ ಅಕ್ಕ ಕಣ್ಣು ಬಿಟ್ಟಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳೆಂದು ಕಾಣುತ್ತದೆ. ಟಾವೆಲ್ ಬಿಗಿಯಾಗಿ ಸುತ್ತಿಕೊಂಡು ಎದ್ದು ಕುಳಿತಳು. ನಾಲಿಗೆ ಇನ್ನೂ ತೊದಲುತ್ತಿತ್ತು. "ಅಪ್ಪಾ, ನಾ ಸಾಲಿ ಬಿಡಂಗಿಲ್ಲ. ಎತ್ತಿಕೊಂಡು ಒಯ್ದ್ರೂ ನಾಳೆ ಮತ್ತ ಬರತೇನಿ," ಎಂದಳು.

ಅಪ್ಪ ಅವಳ ತಲೆ ನೇವರಿಸಿದ. ಆಮೇಲೆ ಹೆಡ್‌ಮಾಸ್ತರರ ಕಡೆ ಬೆನ್ನು ತಿರುಗಿಸಿ ಸಿಸ್ಟರನ್ನು ಕೇಳಿದ: "ಆ ಔಷಧ ಎಲ್ಲಿ ಸಿಗತೈತ್ರಿ ಬಾಯಾರ?"

ಧಾರವಾಡದ ದೊಡ್ಡ ದವಾಖಾನೆಗೆ ಹೋಗಬೇಕು, ಗುಳಿಗೆ ಶುರು ಮಾಡಿದರೆ ಡಾಕ್ಟರ್ ಹೇಳುವವರೆಗೂ ಬಿಡಬಾರದು ಎಂದು ಸಿಸ್ಟರ್ ತಿಳಿಸಿ ಹೇಳಿದರು. ಆಮೇಲೆ ನನ್ನ ಕೈ ಹಿಡಿದು ಎಳೆದು ನೆಲದ ಮೇಲೆ ಮಲಗಿಸಿದರು. ಅಕ್ಕನ ಗೆಳತಿಯರನ್ನು ಒಬ್ಬೊಬ್ಬರಾಗಿ ಕರೆದು, ಬಿದ್ದವರನ್ನು ಮಗ್ಗುಲಿಗೆ ಹೊರಳಿಸುವುದು ಹೇಗೆಂದು ಮಾಡಿಸಿದರು. ಅದುಮಿ ಹಿಡಿಯಬಾರದು, ಬಾಯಲ್ಲಿ ಏನೂ ಇಡಬಾರದು, ಹತ್ತಿರ ಒಬ್ಬರು ಇರಬೇಕು. ನಕ್ಕಿದ್ದ ಹುಡುಗನನ್ನೂ ಬಿಡಲಿಲ್ಲ. ಅವನು ನನ್ನನ್ನು ಹೊರಳಿಸುವಾಗ ನಾನು ಅವನ ಕೈ ಚಿವುಟಿದೆ. ಇದೆಲ್ಲ ಮುಗಿಯುವಷ್ಟರಲ್ಲಿ ಅವರ ಬಸ್ಸು ಹೋಗಿಯೇ ಬಿಟ್ಟಿತ್ತು. ಚೀಲ ಹೊತ್ತುಕೊಂಡು ಬಿಸಿಲಿನಲ್ಲಿ ಮುಂದಿನ ಊರಿಗೆ ನಡೆದೇ ಹೊರಟರು.

ಮರುದಿನ ಅಪ್ಪ ಅಕ್ಕನನ್ನು ಧಾರವಾಡಕ್ಕೆ ಕರೆದೊಯ್ದ. ಗುಳಿಗೆ ಶುರುವಾದ ಮೇಲೂ ಅವಳು ಶಾಲೆಯಲ್ಲಿ ಮತ್ತೆ ಬಿದ್ದಳು. ಆಗ ನಾವೇ ಹುಡುಗಿಯರು ನೋಡಿಕೊಂಡೆವು, ಯಾರೂ ಕಿರುಚಲಿಲ್ಲ. ಬರಬರುತ್ತ ಬೀಳುವುದು ನಿಂತಿತು. ಮುಂದೆ ಅಕ್ಕ ಬೈಲಹೊಂಗಲದಲ್ಲಿ ಕಾಲೇಜೂ ಓದಿದಳು. ಹೆಡ್‌ಮಾಸ್ತರರು ಮಾತ್ರ ಒಂದು ದಿನವೂ ಅವಳನ್ನು 'ಹೆಂಗದಿ' ಎಂದು ಕೇಳಲಿಲ್ಲ. ಸಿಸ್ಟರಿಗೆ ಬೇರೆ ಕಡೆ ವರ್ಗವಾಯಿತು. ಅವರಿಗೊಂದು ಒಳ್ಳೆಯ ಮಾತು ಹೇಳಲೂ ನಮಗೆ ಆಗಲಿಲ್ಲ.

ಈಗ ನಿಮ್ಮ ಶಾಲೆಯಲ್ಲಿ ಬಿಳಿ ಹಾಸಿನ ಮಂಚವಿರುವ ಕೋಣೆ ಇದೆ. ಅಲ್ಲಿ ದಿನಾ ಒಬ್ಬರು ಸಿಸ್ಟರ್ ಇರುತ್ತಾರೆ. ಯಾವ ಮಗುವಿಗೆ ದಮ್ಮು, ಯಾರಿಗೆ ಕಡಲೆಕಾಯಿ ಆಗುವುದಿಲ್ಲ, ಎಲ್ಲ ಅವರಿಗೆ ಗೊತ್ತು. ಮೊಣಕಾಲು ತರಚಿದರೂ ನೀವು ಅವರ ಹತ್ತಿರ ಓಡುತ್ತೀರಿ. ನೋಡಿ ನನಗೆ ಖುಷಿಯಾಗುತ್ತದೆ. ಆದರೆ ನಿಮ್ಮ ಶಾಲೆಯ ಎದುರಿಗೇ ರಸ್ತೆಯಾಚೆ ಇನ್ನೊಂದು ಶಾಲೆ ಇದೆಯಲ್ಲ, ಅಲ್ಲಿ ಅಂಥ ಕೋಣೆ ಇಲ್ಲ. ಮಗು ಬಿದ್ದರೆ ಏನು ಮಾಡುತ್ತೀರಿ ಎಂದು ನಾನೇ ಹೋಗಿ ಕೇಳಿದೆ. "ಮನಿಗೆ ಫೋನ್ ಮಾಡತೇವ್ರಿ," ಎಂದರು. ಇಷ್ಟು ವರ್ಷಗಳಾದ ಮೇಲೂ ಇದೇ ಉತ್ತರ!

ಅಲ್ಲಿ ಓದುವವರೂ ನಿಮ್ಮಂಥ ಮಕ್ಕಳೇ. ಅವರಿಗೆ ಯಾಕೆ ಇಲ್ಲ ಎಂದು ನೀವೂ ಕೇಳಿ. ಮೆಲ್ಲಗೆ ಅಲ್ಲ, ಗಟ್ಟಿಯಾಗಿ ಕೇಳಿ. ಇಷ್ಟು ಸಿಟ್ಟು ಯಾರಿಂದ ಬಂತು ಎಂದು ಯಾರಾದರೂ ಅಂದರೆ, ನಮ್ಮಜ್ಜಿಯಿಂದ ಎಂದು ಹೇಳಿ.