ಚನ್ನಬಸವಯ್ಯನವರ ದೋಣಿಯ ತಳ

“ಕಟ್ಟಿದ ದೋಣಿ ತಳಕ್ಕೆ ಮೊದ್ಲು ಪಾಚಿ ಬತ್ತೈತೆ, ಪಾಚಿ ಮೇಯಕ್ಕೆ ಬಸವನಹುಳ ಬತ್ತೈತೆ ಕಣಕ್ಕ. ಬೇವಿನಹಿಂಡಿ ನೆನೆಸಿ ಬಳಿದೆ, ಎಂಟು ದಿನಕ್ಕೆ ತೊಳೆದೋಯ್ತು. ಮೆಣಸಿನಪುಡಿ ಹಚ್ಚಿದೆ, ಹುಳ ಹೋಗ್ಲಿಲ್ಲ, ನನಗೇ ಸೀನು ಬಂತು. ಹೊಂಗೆಎಣ್ಣೆಗೆ ಬೂದಿ ಕಲಸಿ ಸವರಿದ್ರೆ ಮಾತ್ರ ತಿಂಗಳು ತಡೀತೈತೆ.” ಹೀಗೆನ್ನುವ ಚನ್ನಬಸವಯ್ಯನವರ ದೋಣಿಯ ತಳ ನಮ್ಮ ಅಡುಗೆಕಟ್ಟೆಗಿಂತ ನುಣುಪು. ಹಳೇಬೀಡಿನ ಕೆರೆಯಲ್ಲಿ ಅಷ್ಟು ಹಗುರಾಗಿ ತೇಲುವ ದೋಣಿ ಇನ್ನೊಂದಿಲ್ಲ. ಅಂಟಿದ ಹುಳುಗಳನ್ನು ತೆಂಗಿನ ಚಿಪ್ಪಿನಿಂದ ನೋಯದಂತೆ ಬಿಡಿಸಿ, ಬಕೆಟ್ಟಿನಲ್ಲಿ ಹೊತ್ತು ಕೋಡಿಯ ಕಡೆ ಬಿಟ್ಟು ಬರುತ್ತಾರೆ. ಅವೇ ವಾಪಸ್ ಬರುತ್ತವಲ್ಲ ಎಂದರೆ, “ಬರ್ಲಿ ಬಿಡಕ್ಕ, ದಾರಿ ಗೊತ್ತೈತೆ” ಎಂದು ನಗುತ್ತಾರೆ. ಇಷ್ಟೆಲ್ಲ ಆಚೆ ದಡದ ತೋಟದಲ್ಲಿರುವ ಹಸುವಿಗಾಗಿ. ಮುರಿದ ಸೊಂಟ ಕೂಡಿದ ಮೇಲೂ ಹಾಸಿಗೆ ಬಿಟ್ಟೇಳದಿದ್ದ ಹೆಂಡತಿ ದ್ರಾಕ್ಷಾಯಣಿಗೆ, “ನಾನು ಮುಟ್ಟಿದ್ರೆ ಒದೀತೈತೆ ಕಣೇ, ನೀನೇ ಹಾಲು ಕರೀಬೇಕು” ಎಂದರು. ಏರಿಯ ಮೇಲೆ ನಡೆಯಲಾಗದ ಆಕೆಯನ್ನು ಅಂದಿನಿಂದ ದಿನಾ ದೋಣಿಯಲ್ಲಿ ಕರೆದೊಯ್ಯುತ್ತಾರೆ. ತಳ ಭಾರವಾದರೆ ಎಪ್ಪತ್ತರ ತೋಳಿಗೆ ಹುಟ್ಟು ಹಾಕಲಾಗದು, ಆಕೆ ಮತ್ತೆ ಹಾಸಿಗೆ ಹಿಡಿಯುತ್ತಾಳೆ. ಒಂದು ದಿನ ಆಕೆ ತಂಗಿಯ ಜೊತೆ ಕಣ್ಣು ತೋರಿಸಲು ಅರಸೀಕೆರೆಗೆ ಹೋಗಿದ್ದಳು. ಹುಲ್ಲಿಗೆಂದು ತೋಟಕ್ಕೆ ಹೋದ ನಾನು ನೋಡಿದರೆ, ಚನ್ನಬಸವಯ್ಯನವರೇ ಕುಕ್ಕುರುಗಾಲಲ್ಲಿ ಕೂತು ಚೊಂಬಿನ ತುಂಬ ಹಾಲು ಕರೆದಿದ್ದರು. ಹಸು ಮೆಲುಕು ಹಾಕುತ್ತಾ ನಿಂತಿತ್ತು. “ಅವಳಿಗೆ ಹೇಳ್ಬೇಡಕ್ಕ” ಎಂದರು. ನಾನು ಹೇಳಿಲ್ಲ. ಇವತ್ತೂ ದೋಣಿ ದಡ ಮುಟ್ಟಿತು. ಅವರು ಹೆದರಿದವರಂತೆ ಮಾರು ದೂರದಲ್ಲಿ ಕರು ಹಿಡಿದು ನಿಂತರು, ದ್ರಾಕ್ಷಾಯಣಿ ಕೆಚ್ಚಲು ತೊಳೆದು ಹಾಲು ಕರೆಯತೊಡಗಿದಳು.