ಸೂಜಿಯಿಲ್ಲದ ಸ್ಕ್ಯಾನು

ಮೇಟಗಳ್ಳಿಯ ಕಾರ್ಖಾನೆಯಲ್ಲಿ ನಾನು ಲೇತ್ ನಡೆಸುತ್ತಿದ್ದೆ. ಎರಡು ಸಾವಿರದ ದಶಕ ಮುಗಿಯುತ್ತಿದ್ದ ಕಾಲ. ನನ್ನ ತಲೆಯಲ್ಲಿ ಗಡ್ಡೆಯಾಗಿ, ಆಪರೇಷನ್ ಮಾಡಿ ತೆಗೆದು, ಕರೆಂಟನ್ನೂ, ಅಂದರೆ ರೇಡಿಯೇಷನ್ನನ್ನೂ, ಕೊಟ್ಟಿದ್ದರು. ಮತ್ತೆ ಕೆಲಸಕ್ಕೆ ಹೋಗತೊಡಗಿ ಆರು ತಿಂಗಳಾಗಿತ್ತು, ಅಷ್ಟರಲ್ಲಿ ಮಾಮೂಲಿ ಸ್ಕ್ಯಾನಿನಲ್ಲಿ ಹಳೆಯ ಜಾಗದಲ್ಲೇ ಬಿಳಿ ಮಚ್ಚೆಯೊಂದು ಕಾಣಿಸಿತು.

“ಗಡ್ಡೆ ಮತ್ತೆ ಬಂದಿರಬಹುದು, ಇಲ್ಲಾ ಕರೆಂಟ್ ಕೊಟ್ಟಿದ್ದರ ಗಾಯ ಇರಬಹುದು. ಎರಡೂ ಒಂದೇ ಥರ ಕಾಣ್ತವೆ” ಎಂದರು ಡಾಕ್ಟರು. ಮಚ್ಚೆ ಸ್ಪಷ್ಟವಾಗಿ ಕಾಣಲು ಔಷಧಿಯ ಇಂಜೆಕ್ಷನ್ ಕೊಟ್ಟು ಸ್ಕ್ಯಾನ್ ಮಾಡೋಣವೆಂದರೆ, ಅದನ್ನು ತಡೆದುಕೊಳ್ಳುವಷ್ಟು ನನ್ನ ಕಿಡ್ನಿ ಸರಿಯಿರಲಿಲ್ಲ.

“ಮತ್ತೆ ತಲೆ ಕೊಯ್ದೇ ನೋಡ್ಬೇಕಾ ಸಾರ್?” ಹೆಂಡತಿ ಕೇಳಿದಳು.

“ಈಗಲೇ ಬೇಡ ಕಣಮ್ಮ. ಸೂಜಿ ಚುಚ್ಚದೇ ಇರೋ ಹೊಸ ಸ್ಕ್ಯಾನ್ ಇದೆ. ಕುತ್ತಿಗೇಲಿ ಹರಿಯೋ ರಕ್ತಕ್ಕೆ ಮೆಷಿನ್ನೇ ಗುರುತು ಮಾಡುತ್ತೆ. ಅದು ಮೇಲೆ ಹೋಗಿ ಈ ಮಚ್ಚೆಗೆ ಎಷ್ಟು ಸೇರುತ್ತೆ ಅಂತ ನೋಡ್ತೀವಿ. ಗಡ್ಡೆ ಆದ್ರೆ ಸಾಮಾನ್ಯವಾಗಿ ಜಾಸ್ತಿ ಎಳ್ಕೊಳ್ಳುತ್ತೆ, ಗಾಯ ಆದ್ರೆ ಕಮ್ಮಿ.”

ಸ್ಕ್ಯಾನ್ ಮಾಡುವ ಹುಡುಗಿ ಇಲವಾಲದ ಕಡೆಯವಳು. ನನ್ನದು ಲೇತ್ ಕೆಲಸವೆಂದು ತಿಳಿದೊಡನೆ ಮೊದಲು ಕಣ್ಣಿನ ಎಕ್ಸ್‌ರೇ ಮಾಡಿಸಿದಳು. ಕಬ್ಬಿಣದ ಚೂರೇನಾದರೂ ಕಣ್ಣಲ್ಲಿ ಉಳಿದಿದ್ದರೆ ಮೆಷಿನ್ನಿನ ಅಯಸ್ಕಾಂತ ಎಳೆದುಬಿಡುತ್ತದಂತೆ. ಹಿಂದೆ ಯಾರೂ ಅದನ್ನು ಕೇಳಿರಲಿಲ್ಲ.

ಒಳಗೆ ಮಲಗಿದ್ದಾಗ ಕೆಮ್ಮು ಒತ್ತರಿಸಿಕೊಂಡು ಬಂತು. ಅವಳು ನನ್ನನ್ನು ಹೊರಗೆಳೆದಳು.

“ಅಲುಗಾಡ್ಬುಟ್ರಿ ಅಣ್ಣಾ. ಚಿತ್ರ ಎಲ್ಲಾ ಕದಡೋಯ್ತು.”

“ತಡಿಯಕ್ಕಾಗ್ಲಿಲ್ಲ ಕಣಮ್ಮ.”

“ಇರ್ಲಿ ಬುಡಿ. ನೀರು ಕುಡ್ದು ಸುಧಾರಿಸ್ಕೊಳ್ಳಿ. ಇನ್ನೊಂದ್ಸಲ ಮಾಡಾಣ.”

ಅದು ಅವಳ ಊಟದ ಹೊತ್ತು. ನನ್ನ ಮಂಡಿಯ ಕೆಳಗೆ ದಿಂಬಿಟ್ಟು, ತಲೆಯ ಎರಡೂ ಪಕ್ಕ ಸ್ಪಂಜು ಒತ್ತಿ ಮತ್ತೆ ಒಳಗೆ ಕಳಿಸಿದಳು. ಎರಡನೆಯ ಸಲ ಕಲ್ಲಿನಂತೆ ಬಿದ್ದುಕೊಂಡಿದ್ದೆ.

ಎರಡು ದಿನ ಬಿಟ್ಟು ಡಾಕ್ಟರು ಬಣ್ಣದ ಚಿತ್ರ ತೋರಿಸಿದರು. ಸುತ್ತ ಕೆಂಪು, ಹಳದಿ. ಮಚ್ಚೆಯಿದ್ದ ಕಡೆ ಮಾತ್ರ ನೀಲಿ.

“ಇಲ್ಲಿ ರಕ್ತ ಕಮ್ಮಿ. ಗಾಯ ಅಂತಲೇ ಕಾಣುತ್ತೆ. ಮೂರು ತಿಂಗಳು ಕಾಯೋಣ.”

ಹೆಂಡತಿ ಅಲ್ಲೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಆ ಮೂರು ತಿಂಗಳು ಹೇಗೆ ಕಳೆದೆವೋ ತಿಳಿಯದು. ಮುಂದಿನ ಸ್ಕ್ಯಾನಿನಲ್ಲಿ ಮಚ್ಚೆ ಅರ್ಧಕ್ಕಿಳಿದಿತ್ತು.

ಬೆಟ್ಟಕ್ಕೆ ಹೋಗಿ ಪೂಜೆ ಮಾಡಿಸಿಕೊಂಡು, ಪ್ರಸಾದ ಹಿಡಿದು ನೇರವಾಗಿ ಆ ಹುಡುಗಿಯ ಬಳಿಗೆ ಹೋದೆವು. ಅವಳಿಗೆ ನನ್ನ ಗುರುತು ಹತ್ತಲಿಲ್ಲ. ನಡೆದದ್ದನ್ನೆಲ್ಲ ಹೇಳಿದೆ. ಎರಡೂ ಕೈಯಲ್ಲಿ ಪ್ರಸಾದ ತಗೊಂಡು ಕಣ್ಣಿಗೊತ್ತಿಕೊಂಡಳು.

“ಇಲ್ಲಿ ಬಂದೋದವ್ರು ವಾಸಿ ಆದ್ರಾ ಇಲ್ವಾ ಅಂತ ನಮ್ಗೆ ಗೊತ್ತೇ ಆಗಲ್ಲ ಅಣ್ಣಾ. ಬಂದು ಹೇಳಿದ್ರಲ್ಲ, ಒಳ್ಳೇದಾಯ್ತು.”